ಉಳಿದದ್ದೆಷ್ಟು? ಅರ್ಧಾಯುಷ್ಯದ ಲೆಕ್ಕಗಳ ನೆನಪು

ಪಿಯುಸಿ ಭೌತಶಾಸ್ತ್ರದಲ್ಲಿ ಅರ್ಧಾಯುಷ್ಯದ (ವಿಕಿರಣಶೀಲ ವಸ್ತುವಿನ ಅರ್ಧದಷ್ಟು ಪರಮಾಣುಗಳು ಕ್ಷಯವಾಗಲು ಬೇಕಾದ ಕಾಲ) ಲೆಕ್ಕ ಶುರುವಾದರೆ ನಮ್ಮ ಸರ್ ಬೋರ್ಡಿನ ಮೂಲೆಯಲ್ಲಿ ‘ಉಳಿದದ್ದೆಷ್ಟು?’ ಎಂದು ಬರೆದಿಡುತ್ತಿದ್ದರು. ಅದಕ್ಕೆ ಉತ್ತರ ಸಿಗುವವರೆಗೆ ಸೂತ್ರದ ಮಾತಿಲ್ಲ. ಅಂಕ ಹೋಗುತ್ತಿದ್ದುದೂ ಹೆಚ್ಚಾಗಿ ಅಲ್ಲಿಯೇ.

ಜನ್ಯ ಪರಮಾಣು (ಕ್ಷಯದಿಂದ ಹುಟ್ಟಿದ್ದು) ಮತ್ತು ಮೂಲ ಪರಮಾಣುಗಳ (ಇನ್ನೂ ಕ್ಷಯವಾಗದವು) ಅನುಪಾತ 3:1 ಎಂದು ಪ್ರಶ್ನೆಯಲ್ಲಿದ್ದರೆ, ಉಳಿದದ್ದು 1/3 ಎಂದು ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಮೊದಲಿದ್ದದ್ದು 3+1, ಅಂದರೆ 4 ಪಾಲು. ಉಳಿದದ್ದು 1/4. ಎರಡು ಅರ್ಧಾಯುಷ್ಯ ಕಳೆದಿದೆ. 7:1 ಇದ್ದರೆ ಮೂರು. ಇಷ್ಟಕ್ಕೆ ಲಾಗ್ ಟೇಬಲ್ ಬೇಡವೇ ಬೇಡ.

ಟೇಬಲ್ ಬೇಕಾಗುವುದು ನಡುವಿನ ಸಂಖ್ಯೆಗಳಿಗೆ. ಒಂದು ಇದ್ದಿಲಿನ ತುಂಡಿನಲ್ಲಿ ಕಾರ್ಬನ್-14 (ಜೀವಿ ಬದುಕಿದ್ದಾಗ ಮೈಗೆ ಸೇರಿ, ಸತ್ತ ಮೇಲೆ ಕ್ಷಯವಾಗುತ್ತ ಹೋಗುವ ವಿಕಿರಣಶೀಲ ಇಂಗಾಲ) ಶೇ. 35 ಉಳಿದಿದೆ ಎನ್ನಿ; ಅರ್ಧಾಯುಷ್ಯ 5730 ವರ್ಷ. ‘ಮೊದಲು ಅಂದಾಜು ಹೇಳಿ ಮಾರಾಯ್ರೆ’ ಎನ್ನುತ್ತಿದ್ದರು ಸರ್. ಶೇ. 50ಕ್ಕಿಂತ ಕಡಿಮೆ, ಶೇ. 25ಕ್ಕಿಂತ ಜಾಸ್ತಿ, ಹಾಗಾಗಿ ಉತ್ತರ 5730 ಮತ್ತು 11,460ರ ನಡುವೆ ಬರಲೇಬೇಕು. ಆಮೇಲೆ ಲೆಕ್ಕ: 100ರ ಲಾಗ್ 2, 35ರ ಲಾಗ್ 1.5441, ವ್ಯತ್ಯಾಸ 0.4559. ಅದನ್ನು 2ರ ಲಾಗ್ ಆದ 0.3010ರಿಂದ ಭಾಗಿಸಿದರೆ 1.515 ಅರ್ಧಾಯುಷ್ಯ. 5730ರಿಂದ ಗುಣಿಸಿದರೆ ಸುಮಾರು 8680 ವರ್ಷ. ‘50ರಿಂದ 25ಕ್ಕೆ ಇಳಿಯುವ ದಾರಿಯಲ್ಲಿ 35 ಅಂದರೆ 0.6 ಭಾಗ’ ಎಂದು ಸರಳರೇಖೆ ಹಿಡಿದರೆ 1.6 ಅರ್ಧಾಯುಷ್ಯವಾಗಿ 9170 ಬರುತ್ತದೆ. ಐನೂರು ವರ್ಷದಷ್ಟು ತಪ್ಪು! ಕ್ಷಯದ ರೇಖೆ ಮೊದಲು ವೇಗವಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ, ಆದ್ದರಿಂದ ನೇರ ಗೆರೆ ಯಾವಾಗಲೂ ವಯಸ್ಸನ್ನು ಹೆಚ್ಚು ತೋರಿಸುತ್ತದೆ.

ಉಪಕರಣದಲ್ಲಿ ವಿಕಿರಣ ಎಣಿಸುವ ಪ್ರಶ್ನೆಗಳಲ್ಲಿ ಹಿನ್ನೆಲೆ ವಿಕಿರಣ (ಮಾದರಿ ಇಲ್ಲದಿದ್ದರೂ ಬರುವ ಎಣಿಕೆ) ಕಳೆಯದಿದ್ದರೆ ಎಲ್ಲ ಕೆಟ್ಟಿತು. ಹಳೆಯ ಮಾದರಿ ನಿಮಿಷಕ್ಕೆ 14, ಅಷ್ಟೇ ತೂಕದ ಹೊಸ ಮಾದರಿ 24, ಹಿನ್ನೆಲೆ 4 ಎಂದಿದ್ದರೆ, ಅನುಪಾತ 10/20. ಸರಿಯಾಗಿ 5730 ವರ್ಷ. ಕಳೆಯದೆ 14/24 ತೆಗೆದುಕೊಂಡರೆ 4460ರ ಹತ್ತಿರ ಬಂದು ನಿಲ್ಲುತ್ತದೆ.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳಿಗೆ ಕಾರ್ಬನ್ ಏಕೆ ಆಗದು ಎಂಬುದು ನಮ್ಮ ಊರಿನವರಿಗೆ ಹೇಳಿ ಮಾಡಿಸಿದ ಪ್ರಶ್ನೆ. ಜ್ವಾಲಾಮುಖಿ ಶಿಲೆ ಎಂದೂ ಜೀವಿಯಾಗಿರಲಿಲ್ಲ, ಅದು ಒಂದು. 50,000 ವರ್ಷಕ್ಕೇ ಕಾರ್ಬನ್-14 ಶೇ. 0.24ಕ್ಕೆ ಇಳಿಯುತ್ತದೆ, ಇದು ಇನ್ನೊಂದು. ಆ ಕಲ್ಲಿನ ವಯಸ್ಸು ಎಂಟೂವರೆ-ಒಂಬತ್ತು ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು.

ಅಲ್ಲಿಗೆ ಬೇಕಾದದ್ದು ಪೊಟ್ಯಾಸಿಯಂ-40. ಅರ್ಧಾಯುಷ್ಯ 125 ಕೋಟಿ ವರ್ಷ. ಇಲ್ಲೊಂದು ಗುಂಡಿ ಇದೆ. ಕ್ಷಯವಾದ ಪೊಟ್ಯಾಸಿಯಂ-40ರಲ್ಲಿ ಶೇ. 10.7 ಮಾತ್ರ ಆರ್ಗಾನ್ ಆಗುತ್ತದೆ, ಉಳಿದದ್ದು ಕ್ಯಾಲ್ಸಿಯಂ. ಕಲ್ಲಿನಲ್ಲಿ ಕ್ಯಾಲ್ಸಿಯಂ ಮೊದಲೇ ಬೇಕಾದಷ್ಟಿರುವುದರಿಂದ ಹೊಸದು ಯಾವುದು, ಹಳೆಯದು ಯಾವುದು ಎಂದು ಬಿಡಿಸುವುದು ಕಷ್ಟ. ಹಾಗಾಗಿ ಆರ್ಗಾನನ್ನೇ ಅಳೆದು 0.107ರಿಂದ ಭಾಗಿಸಬೇಕು. ಆರ್ಗಾನ್-40 ಮತ್ತು ಪೊಟ್ಯಾಸಿಯಂ-40ರ ಅನುಪಾತ 0.0052 ಎಂದುಕೊಳ್ಳಿ. ಭಾಗಿಸಿದರೆ 0.0486, ಉಳಿದಿರುವ 1 ಪಾಲು ಸೇರಿಸಿದರೆ ಮೊದಲಿದ್ದದ್ದು 1.0486. ಅದರ ಸ್ವಾಭಾವಿಕ ಲಾಗ್ 0.0475, ಅದನ್ನು 2ರ ಸ್ವಾಭಾವಿಕ ಲಾಗ್ ಆದ 0.693ರಿಂದ ಭಾಗಿಸಿ 125 ಕೋಟಿಯಿಂದ ಗುಣಿಸಿದರೆ 8.6 ಕೋಟಿ ವರ್ಷ. 0.107 ಮರೆತವರಿಗೆ ಸಿಗುವುದು 94 ಲಕ್ಷ, ಒಂಬತ್ತರಲ್ಲಿ ಒಂದು ಪಾಲು.

ಲಾವಾ ಗಟ್ಟಿಯಾದಾಗ ಆರ್ಗಾನ್ ಸೊನ್ನೆ, ಆಮೇಲೆ ಒಳಗಿನದು ಹೊರಗೆ ಹೋಗಿಲ್ಲ ಎಂಬುದು ಇದರ ಷರತ್ತು. ಕಲ್ಲು ಮತ್ತೆ ಕಾದರೆ ಅನಿಲ ಸೋರಿ ವಯಸ್ಸು ಕಡಿಮೆ ಬರುತ್ತದೆ; ಕಲ್ಲು ಶಿಥಿಲವಾದರೂ ಲೆಕ್ಕ ಕೆಡುತ್ತದೆ. ಅದಕ್ಕೇ ಬಿಸಿಲು-ಉಪ್ಪುನೀರು ತಿಂದ ಹೊರಮೈ ಬಿಟ್ಟು ಒಳಗಿನ ತಾಜಾ ಕಲ್ಲನ್ನು ಮಾದರಿಯಾಗಿ ತೆಗೆಯುತ್ತಾರೆ. ನಮ್ಮ ಮನೆಗಳ ಮುರಕಲ್ಲಿಗಂತೂ (ಲ್ಯಾಟರೈಟ್) ಈ ಲೆಕ್ಕ ಹೊಂದುವುದೇ ಇಲ್ಲ: ಮಳೆನೀರು ಅದರ ಪೊಟ್ಯಾಸಿಯಂ ಅನ್ನು ಯಾವತ್ತೋ ತೊಳೆದುಕೊಂಡು ಹೋಗಿದೆ.