ಮಸ್ಟಾಂಗ್‌ನ ಹಿಂದಿನ ಅಚ್ಚು

ಅಮೆರಿಕದ ಕಾರುಗಳಿಗೆ ನೇರ ರಸ್ತೆಯಷ್ಟೇ ಸರಿ, ತಿರುವು ಬಂದರೆ ಅವು ಕಂಗೆಡುತ್ತವೆ ಎಂಬ ಮಾತು ಬಹಳ ಹಳೆಯದು. ಅದರಲ್ಲಿ ಎಷ್ಟು ನಿಜವಿದೆ ಎಂದು ತಿಳಿಯಲು ಫೋರ್ಡ್ ಮಸ್ಟಾಂಗ್‌ನ ಹಿಂಬದಿಯನ್ನು ನೋಡಿದರೆ ಸಾಕು ಎಂದು ನಾನು ನಂಬಿದ್ದೇನೆ.

1964ರಲ್ಲಿ ಮಾರುಕಟ್ಟೆಗೆ ಬಂದ ಮಸ್ಟಾಂಗ್, ಕೆಲವು ಕೋಬ್ರಾ ಮಾದರಿಗಳನ್ನು ಬಿಟ್ಟರೆ, 2014ರವರೆಗೂ ಹಿಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್‌ಗೆ ಜೋಡಿಸಿಕೊಂಡು ಓಡಿತು. ಎತ್ತಿನ ಗಾಡಿಯ ಅಚ್ಚನ್ನು ನೆನಪಿಸಿಕೊಂಡರೆ ಇದರ ತೊಡಕು ಅರ್ಥವಾಗುತ್ತದೆ: ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದೂ ವಾಲುತ್ತದೆ. ತಿರುವಿನಲ್ಲಿ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರ್ ಜೋಡಣೆಯಾದ ಡಿಫರೆನ್ಷಿಯಲ್‌ನ ಭಾರವೂ ಆಕ್ಸಲ್‌ನ ಮೇಲೆಯೇ ಇರುವುದರಿಂದ, ತಿರುವಿನ ನಡುವೆ ಉಬ್ಬೊಂದು ಸಿಕ್ಕಾಗ ಪುಟಿದೇಳುವ ಆ ತೂಕವನ್ನು ಶಾಕ್ ಅಬ್ಸಾರ್ಬರ್‌ಗಳು ಒಡನೆಯೇ ಹಿಡಿದು ನಿಲ್ಲಿಸಲಾರವು. ಕಾರಿನ ಹಿಂಭಾಗ ಪಕ್ಕಕ್ಕೆ ಜಿಗಿಯುತ್ತದೆ. ಆದರೆ ಈ ಆಕ್ಸಲ್ ಅಗ್ಗ, ಬಲು ಗಟ್ಟಿ. ನೇರ ದಾರಿಯಲ್ಲಿ ನಿಂತಲ್ಲಿಂದ ಹೊರಟು ಓಡುವ ಡ್ರ್ಯಾಗ್ ರೇಸಿನವರಿಗೆ ಅದೇ ಬೇಕಿತ್ತು.

ರೇಸ್ ಟ್ರ್ಯಾಕಿನ ಕಥೆ ಬೇರೆ. ಅಲ್ಲಿನ ಡಾಂಬರು ನುಣುಪಾಗಿರುತ್ತದೆ, ಮತ್ತು ಕಾರಿನ ಮೈ ವಾಲಿದರೂ ಗಟ್ಟಿ ಆಕ್ಸಲ್ ಹಿಂದಿನ ಚಕ್ರಗಳನ್ನು ಬಹುಮಟ್ಟಿಗೆ ನೆಟ್ಟಗೇ ಇರಿಸುತ್ತದೆ. 2012ರ ಬಾಸ್ 302 ಇದನ್ನು ತೋರಿಸಿಕೊಟ್ಟಿತು. 444 ಅಶ್ವಶಕ್ತಿಯ ಆ ಕಾರಿನ ಶಾಕ್ ಅಬ್ಸಾರ್ಬರ್‌ಗಳ ಬಿಗಿತವನ್ನು ಸ್ಕ್ರೂಡ್ರೈವರ್‌ನಿಂದ ಐದು ಹಂತಗಳಲ್ಲಿ ಬದಲಾಯಿಸಬಹುದಿತ್ತು. ಅದರ ಹೆಚ್ಚು ಬಿಗಿಯಾದ ಮಾದರಿಗೆ ಕ್ಯಾಲಿಫೋರ್ನಿಯಾದ ಲಗೂನಾ ಸೆಕಾ ಟ್ರ್ಯಾಕಿನ ಹೆಸರನ್ನಿಟ್ಟು, ಹಿಂದಿನ ಸೀಟನ್ನೇ ತೆಗೆದುಹಾಕಿದರು. ನನಗೆ ಅತ್ಯಂತ ಪ್ರಿಯವಾದ ಮಸ್ಟಾಂಗ್ ಇದೇ. ಆದರೂ ತೇಪೆ ಹಾಕಿದ ಬೆಟ್ಟದ ರಸ್ತೆಗೆ ಆ ಬಿಗಿತ ಒಗ್ಗುವಂಥದ್ದಲ್ಲ, ಏಕೆಂದರೆ ಅಲ್ಲಿ ಚಕ್ರ ನೆಲವನ್ನು ಬಿಡದೆ ಉಬ್ಬುತಗ್ಗುಗಳಿಗೆ ತಕ್ಕಂತೆ ಏರಿಳಿಯಬೇಕಾಗುತ್ತದೆ.

2015ರ ಮಾದರಿಯಿಂದ ಹಿಂದಿನ ಪ್ರತಿ ಚಕ್ರಕ್ಕೂ ಸ್ವತಂತ್ರ ಸಸ್ಪೆನ್ಷನ್ ಬಂತು. ಅದರ ಬೆನ್ನಿಗೇ ಬಂದ ಶೆಲ್ಬಿ ಜಿಟಿ350ಯಲ್ಲಿ ಕಾಂತೀಯ ಶಾಕ್ ಅಬ್ಸಾರ್ಬರ್‌ಗಳೂ ದೊರೆತವು. ಅವುಗಳೊಳಗಿನ ತಂತಿಯ ಸುರುಳಿಗೆ ವಿದ್ಯುತ್ ಹಾಯಿಸಿದಾಗ ಹುಟ್ಟುವ ಕಾಂತಕ್ಷೇತ್ರದಿಂದ, ಕಬ್ಬಿಣದ ಕಣಗಳಿರುವ ದ್ರವ ಕ್ಷಣಾರ್ಧದಲ್ಲಿ ಗಡುಸಾಗುತ್ತದೆ, ವಿದ್ಯುತ್ ತಗ್ಗಿದರೆ ಸಡಿಲಗೊಳ್ಳುತ್ತದೆ. ಹೀಗೆ ಟ್ರ್ಯಾಕಿನ ಬಿಗಿತವೂ ಬೆಟ್ಟದ ದಾರಿಯ ಮೆದುತನವೂ ಒಂದೇ ಕಾರಿಗೆ ಒಲಿದವು.

ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಹೆಸರಿಗೆ ಟ್ರ್ಯಾಕ್ ಆದರೂ, ಕಾಡಿನ ನಡುವೆ 20.8 ಕಿಲೋಮೀಟರ್ ಏರಿಳಿಯುತ್ತ ಸಾಗುವ ಅದರ ಉತ್ತರದ ಸುತ್ತು ಘಾಟಿ ರಸ್ತೆಯೇ ಸರಿ. 2024ರಲ್ಲಿ ಮಸ್ಟಾಂಗ್ ಜಿಟಿಡಿ ಅದನ್ನು 6 ನಿಮಿಷ 57.685 ಸೆಕೆಂಡುಗಳಲ್ಲಿ ಸುತ್ತಿಬಂತು. ಭಾರವನ್ನು ಮುಂದಕ್ಕೂ ಹಿಂದಕ್ಕೂ ಸಮನಾಗಿ ಹಂಚಲೆಂದು ಅದರ ಗೇರ್‌ಬಾಕ್ಸನ್ನು, ಹಿಂದೆ ಆ ಗಟ್ಟಿ ಆಕ್ಸಲ್ ಇದ್ದ ಜಾಗದ ಬಳಿಗೇ ಒಯ್ದು ಕೂರಿಸಿದ್ದಾರೆ.