ನಮ್ಮ ಶಾಲೆಯ ಕಮಿಟಿಯವರು

ಹಳೆಯ ವಿದ್ಯಾರ್ಥಿಗಳು ಶಾಲೆಯ ಸಂಚಿಕೆಗೆ ಬರೆಯುವಾಗ ಸಾಮಾನ್ಯವಾಗಿ ಮಾಸ್ತರರನ್ನು, ಅಕ್ಕೋರನ್ನು ನೆನೆಯುತ್ತಾರೆ. ನೆನೆಯಲೇಬೇಕು. ಆದರೆ ಆ ಮಾಸ್ತರರಿಗೆ ಸಂಬಳ ಎಲ್ಲಿಂದ ಬರುತ್ತಿತ್ತು, ನಾವು ಕೂತ ಬೆಂಚು ಮಾಡಿಸಿದವರು ಯಾರು, ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿದವರು ಯಾರು ಎಂದು ಯಾರೂ ಬರೆದದ್ದು ನಾನು ನೋಡಿಲ್ಲ. ಅದಕ್ಕೇ ಈ ಸಲ ಕಮಿಟಿಯವರ ಬಗ್ಗೆ ಬರೆಯುತ್ತಿದ್ದೇನೆ. ಕಾಗದದ ಮೇಲೆ ಅವರು ಆಡಳಿತ ಮಂಡಳಿ. ಊರಲ್ಲಿ ಎಲ್ಲರ ಬಾಯಲ್ಲೂ ಕಮಿಟಿಯವರು.

ಹೆಸರು ಹಾಕುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಅದು ಇಷ್ಟವಾಗುತ್ತಿರಲಿಲ್ಲ. ಊರಿನವರು ಓದಿದರೆ ಯಾರು ಅಂತ ಗೊತ್ತಾಗಿಯೇ ಆಗುತ್ತದೆ.

ಮಕ್ಕಳಾದ ನಮಗೆ ಅವರು ಕಾಣಿಸುತ್ತಿದ್ದದ್ದು ವರ್ಷಕ್ಕೆ ಮೂರ್ನಾಲ್ಕು ಸಲ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ, ಗ್ಯಾದರಿಂಗಿಗೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಶಾಲು, ಮುಂದಿನ ಸಾಲಿನ ಕುರ್ಚಿ. ಅವರು ಭಾಷಣ ಮುಗಿಸಿದರೆ ನಮಗೆ ಮಿಠಾಯಿ ಸಿಗುತ್ತಿತ್ತು. ಉಳಿದ ದಿನ ಅವರು ಏನು ಮಾಡುತ್ತಾರೆ ಅಂತ ಯೋಚಿಸುವ ವಯಸ್ಸು ನಮ್ಮದಲ್ಲ.

ನಮ್ಮದು ಶಿರಸಿ ಕಡೆಯ ಘಟ್ಟದ ಹಳ್ಳಿ. ಏಳನೆ ಇಯತ್ತೆ ಮುಗಿದರೆ ಹುಡುಗರು ಪೇಟೆಯಲ್ಲಿ ನೆಂಟರ ಮನೆ ಹುಡುಕಿಕೊಂಡು ಹೋಗಿ ಓದಬೇಕಿತ್ತು. ಹುಡುಗಿಯರ ಓದು ಹೆಚ್ಚಾಗಿ ಅಲ್ಲಿಗೇ ಮುಗಿಯುತ್ತಿತ್ತು. ಕರಾವಳಿಯಲ್ಲಿ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಹೈಸ್ಕೂಲು ತೆರೆದ ವಿಷಯವನ್ನು ನಮ್ಮ ಹಿರಿಯರು ಮತ್ತೆ ಮತ್ತೆ ಹೇಳುತ್ತಿದ್ದರು. ಕೆಳಗೆ ಆಗಿದ್ದು ಮೇಲೆ ಯಾಕೆ ಆಗಬಾರದು ಅನ್ನುವುದು ಅವರ ಮಾತು. ಆದರೆ ನಮ್ಮೂರಲ್ಲಿ ದೇಸಾಯಿಯವರಂಥ ದೊಡ್ಡವರು ಯಾರೂ ಇರಲಿಲ್ಲ.

ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಒಂದು ಸಂಘ ಕಟ್ಟಲು ಕಡಿಮೆ ಅಂದರೂ ಏಳು ಜನ ಬೇಕು. ಬೆಳಗಾವಿಯ ಕೆಎಲ್ಇ ಸಂಸ್ಥೆಯನ್ನು 1916ರಲ್ಲಿ ಕಟ್ಟಿದವರೂ ಏಳು ಜನ ಶಿಕ್ಷಕರು. ಅವರನ್ನು ಸಪ್ತರ್ಷಿಗಳು ಅಂತ ಈಗಲೂ ನೆನೆಯುತ್ತಾರೆ. ನಮ್ಮ ಏಳು ಜನರಲ್ಲಿ ಶಿಕ್ಷಕರು ಒಬ್ಬರೇ, ಅದೂ ನಿವೃತ್ತರು. ಉಳಿದವರು ಅಡಿಕೆ ತೋಟದವರು, ಕಿರಾಣಿ ಅಂಗಡಿಯವರು, ಪೋಸ್ಟ್ ಮಾಸ್ತರರು, ಗದ್ದೆ ಮಾಡುವ ಒಬ್ಬರು. ಅವರಲ್ಲಿ ಇಬ್ಬರು ಸಹಿ ಮಾಡಲಷ್ಟೇ ಕಲಿತವರು. ಆ ಸಹಿಯೇ ಶಾಲೆ ಕಟ್ಟಿತು.

ಗದ್ದೆ ಮಾಡುವವರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿ ಗದ್ದೆ ಮಾಡುತ್ತಿದ್ದವರು ಆ ಗದ್ದೆ ತಮ್ಮ ಹೆಸರಿಗೆ ಆಗಬೇಕು ಅಂತ ಡಿಕ್ಲರೇಷನ್ ಹಾಕಿದರು. ಒಡೆಯರು, ಒಕ್ಕಲು ತಾಲೂಕಿನ ಭೂ ನ್ಯಾಯಮಂಡಳಿಯಲ್ಲಿ ಎದುರಾಬದುರು ನಿಂತರು. ಎಷ್ಟೋ ಊರುಗಳಲ್ಲಿ ಮಾತುಕತೆಯೇ ನಿಂತುಹೋಯಿತು. ನಮ್ಮ ಕಮಿಟಿಯಲ್ಲೂ ಅಂಥ ಇಬ್ಬರಿದ್ದರು. ಒಬ್ಬರ ಗದ್ದೆಗೆ ಇನ್ನೊಬ್ಬರು ಡಿಕ್ಲರೇಷನ್ ಹಾಕಿದ್ದರು. ಬೆಳಿಗ್ಗೆ ಮಂಡಳಿಯ ಮುಂದೆ ಒಬ್ಬರ ವಿರುದ್ಧ ಒಬ್ಬರು ಹೇಳಿಕೆ ಕೊಟ್ಟು, ಸಂಜೆ ಶಾಲೆಯ ಸಭೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಬಾವಿ ತೋಡಿಸುವ ಠರಾವಿಗೆ ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿದ್ದರು ಅಂತ ನನ್ನ ಅಜ್ಜ ಹೇಳುತ್ತಿದ್ದ. ಮುಂದೆ ಗದ್ದೆ ಒಕ್ಕಲಿನವರಿಗೇ ಆಯಿತು. ಇಬ್ಬರೂ ಕಮಿಟಿ ಬಿಡಲಿಲ್ಲ. ನಮ್ಮ ಊರಿನ ಬಗ್ಗೆ ನನಗೆ ಅತಿ ಹೆಮ್ಮೆಯ ವಿಷಯ ಇದು.

ಶಾಲೆ ತೆರೆದ ಕೂಡಲೇ ಸರ್ಕಾರದ ಅನುದಾನ ಬರುವುದಿಲ್ಲ. ಮೊದಲು ಮಾನ್ಯತೆ ಬರಬೇಕು, ಆಮೇಲೆ ಹುದ್ದೆ ಮಂಜೂರಾಗಬೇಕು. ಅಲ್ಲಿಯವರೆಗೆ ಮಾಸ್ತರರ ಸಂಬಳದ ಹೊಣೆ ಆಡಳಿತ ಮಂಡಳಿಯದ್ದು. ಅನುದಾನ ಬಂದ ಮೇಲೂ ಸರ್ಕಾರ ಕೊಡುವುದು ಮುಖ್ಯವಾಗಿ ಸಂಬಳ. ಕಟ್ಟಡ, ಹಂಚು, ಬೆಂಚು, ಬಾವಿ, ಬೇಲಿ ಎಲ್ಲ ಊರಿನವರ ತಲೆಯ ಮೇಲೆ. ಅನುದಾನ ಬರುವ ಮುಂಚಿನ ವರ್ಷಗಳಲ್ಲಿ ನಮ್ಮ ಕಮಿಟಿಯ ಕೆಲವರು ಸೊಸೈಟಿಯಲ್ಲಿ ತಮ್ಮ ತಮ್ಮ ಅಡಿಕೆ ಖಾತೆಯ ಮೇಲೆ ಸಾಲ ತೆಗೆದು ಸಂಬಳ ಕೊಟ್ಟಿದ್ದರು. ಶಾಲೆಯ ಹೆಸರಲ್ಲಿ ಸಾಲ ಸಿಗುತ್ತಿರಲಿಲ್ಲ. ಒತ್ತೆ ಇಡಲು ಶಾಲೆಗೆ ಏನಿತ್ತು? ಇದನ್ನು ನನಗೆ ಹೇಳಿದ್ದು ಗಣಿತದ ಮಾಸ್ತರರು, ಅವರು ನಿವೃತ್ತರಾದ ಎಷ್ಟೋ ವರ್ಷದ ಮೇಲೆ. "ಒಂದು ತಿಂಗಳೂ ನಮಗೆ ತಡ ಆಗಲಿಲ್ಲ. ಆ ವರ್ಷ ಅಡಿಕೆಗೆ ಕೊಳೆ ಬಂದಿತ್ತು, ಗೊತ್ತುಂಟಾ?" ಅಂದರು. ಕೊಳೆರೋಗ ಬಂದ ವರ್ಷ ತೋಟದವರ ಮನೆಯಲ್ಲಿ ಕೈ ಹೇಗೆ ಬಿಗಿಯಾಗುತ್ತದೆ ಅಂತ ಘಟ್ಟದವರಿಗೆ ಹೇಳಬೇಕಾಗಿಲ್ಲ.

ಕಟ್ಟಡಕ್ಕೆ ದುಡ್ಡು ಎತ್ತಲು ಇದ್ದ ದಾರಿ ಯಕ್ಷಗಾನ. ಸಹಾಯಾರ್ಥ ಆಟ ಅಂದರೆ ಜನ ಸುಮ್ನೆ ಒಂದು ರಾತ್ರಿಯ ಕಾರ್ಯಕ್ರಮ ಅಂದುಕೊಳ್ಳುತ್ತಾರೆ. ಕಮಿಟಿಯವರಿಗೆ ಅದು ಮೂರು ತಿಂಗಳ ಕೆಲಸ. ಡೇರೆ ಮೇಳಕ್ಕೆ ಮುಂಚೆಯೇ ವೀಳ್ಯ ಕೊಟ್ಟು ದಿನ ಗೊತ್ತು ಮಾಡಬೇಕು. ಮೇಳಕ್ಕೆ ಕೊಡುವ ಮೊತ್ತ ನಿಗದಿ. ಟಿಕೆಟು ಮಾರಿ ಬಂದದ್ದರಲ್ಲಿ ಅದು ಕಳೆದು ಉಳಿದರೆ ಶಾಲೆಗೆ, ಉಳಿಯದಿದ್ದರೆ ಕಮಿಟಿಯವರ ಜೇಬಿಗೆ ಕತ್ತರಿ. ಅವರು ಸುತ್ತಲಿನ ಊರುಗಳ ಮನೆ ಮನೆಗೆ ನಡೆದು ಟಿಕೆಟು ಮಾರುತ್ತಿದ್ದರು. ನೆಲದ ಟಿಕೆಟು, ಕುರ್ಚಿ ಟಿಕೆಟು, ಮುಂದಿನ ಆರಾಮ ಕುರ್ಚಿ. ಒಂದು ವರ್ಷ ಏಪ್ರಿಲ್‌ನಲ್ಲಿ ಆಟದ ದಿನವೇ ಸಂಜೆ ಗುಡುಗಿ ಮಳೆ ಬಂತು. ಅಂಕಣದಲ್ಲಿ ಕೆಸರು. ಕಾರ್ಯದರ್ಶಿಯವರು ಪಂಚೆ ಎತ್ತಿ ಕಟ್ಟಿ, ಗಾಡಿಯಲ್ಲಿ ದರಕು, ಅಂದರೆ ಒಣ ಎಲೆ, ತರಿಸಿ ನೆಲದ ತುಂಬ ಹಾಸಿಸಿದರು. ಅದರ ಮೇಲೆ ಅಡಿಕೆ ಸೋಗೆ. ಅದರ ಮೇಲೆ ಚಾಪೆ. ಚಂಡೆ ಶುರುವಾಗುವಾಗ ರಾತ್ರಿ ಬಹಳ ಆಗಿತ್ತು. ಜನ ಎದ್ದು ಹೋಗಲಿಲ್ಲ. ನಾವು ಎಂಟನೆ ತರಗತಿಗೆ ಕೂತ ಕೋಣೆಯ ಪಕಾಸು, ರೀಪು, ಹಂಚು ಎಲ್ಲ ಆ ಆಟದ ದುಡ್ಡಿನದ್ದು.

ಖಜಾಂಚಿಯವರದ್ದು ಕಿರಾಣಿ ಅಂಗಡಿ. ಅವರ ಮಗಳು ನನ್ನ ಗೆಳತಿ, ಹಾಗಾಗಿ ಆ ಮನೆಯಲ್ಲಿ ನಾನು ಓಡಾಡಿಕೊಂಡೇ ಇದ್ದೆ. ರಾತ್ರಿ ಅಂಗಡಿಯ ಹಲಗೆ ಹಾಕಿ, ಊಟ ಮುಗಿಸಿ, ಅವರು ತಗಡಿನ ಪೆಟ್ಟಿಗೆಯಿಂದ ಶಾಲೆಯ ರೋಜುಕೀರ್ದಿ ತೆಗೆಯುತ್ತಿದ್ದರು. ಕೆಂಪು ರಟ್ಟಿನ ಉದ್ದನೆಯ ಪುಸ್ತಕ. ಅಂಗಡಿಯ ಪುಸ್ತಕವೂ ಅಂಥದ್ದೇ, ಆದರೆ ಎರಡನ್ನೂ ಒಂದೇ ಕಡೆ ಇಡುತ್ತಿರಲಿಲ್ಲ. ಶಾಲೆಯ ಪುಸ್ತಕಕ್ಕೆ ಬೇರೆ ಪೆನ್ನು ಕೂಡ ಇತ್ತು. ಅವರ ಅಕ್ಷರ ದುಂಡಗೆ, ಸಣ್ಣಗೆ. "ಹಂಚು ಕೈಯಾಡಿಸಿದವರಿಗೆ ಚಾ" ಅಂತ ಒಂದು ಸಾಲು, ಅದರ ಎದುರು ಪೈಸೆಯವರೆಗೆ ಲೆಕ್ಕ. ಆಗ ನಮಗೆ ನಗು ಬರುತ್ತಿತ್ತು.

ನನಗೆ ಆಶ್ಚರ್ಯ ಆಗುತ್ತಿದ್ದದ್ದು ಇನ್ನೊಂದು. ಶಾಲೆಗೆ ಚಾಕ್‌ಪೀಸು, ಮಸಿ, ಹಾಜರಿ ಪುಸ್ತಕ ಏನು ಬೇಕಾದರೂ ಎದುರಿನ ಅಂಗಡಿಯಿಂದ ಬರುತ್ತಿತ್ತು. ಎಲ್ಲವೂ ಇವರ ಅಂಗಡಿಯಲ್ಲೇ ಇರುತ್ತಿತ್ತು. ಒಮ್ಮೆ ಮಗಳು ಕೇಳಿಯೇಬಿಟ್ಟಳು. ಅವರು ಪುಸ್ತಕದಿಂದ ತಲೆ ಎತ್ತದೆ, "ನಾನೇ ಮಾರೋದು, ನಾನೇ ಬಿಲ್ ಪಾಸು ಮಾಡೋದು ಚಂದ ಅಲ್ಲ ಮಗಾ" ಅಂದರು. ಅಷ್ಟೇ. ನಾನು ಮುಂದೆ ಬ್ಯಾಂಕಿಗೆ ಸೇರಿ ಎಷ್ಟೋ ಸಂಸ್ಥೆಗಳ ಲೆಕ್ಕಪತ್ರ ನೋಡಿದೆ. ಇದನ್ನು ದೊಡ್ಡ ದೊಡ್ಡವರಿಗೆ ತರಬೇತಿ ಕೊಟ್ಟು ಕಲಿಸುವುದನ್ನೂ ನೋಡಿದೆ. ಅವರಿಗೆ ಯಾರೂ ಕಲಿಸಿರಲಿಲ್ಲ.

ಇನ್ನು ನನ್ನ ವಿಷಯ. ಏಳನೆಯದು ಪಾಸಾದ ಮೇಲೆ ನನ್ನನ್ನು ಹೈಸ್ಕೂಲಿಗೆ ಕಳಿಸುವ ಮಾತೇ ಮನೆಯಲ್ಲಿ ಇರಲಿಲ್ಲ. ಶಾಲೆ ಶುರುವಾಗಿ ವಾರವಾಗಿತ್ತು. ಒಂದು ಸಂಜೆ ಅಧ್ಯಕ್ಷರು ನಮ್ಮ ಜಗಲಿಗೆ ಬಂದರು. ಕಂಬಳಿ ಕೊಪ್ಪೆ ತೆಗೆದು ನೀರು ಕೊಡವಿ ಮೂಲೆಯಲ್ಲಿಟ್ಟರು. ಕವಳ ಹಾಕಿದರು. ಅಜ್ಜನ ಹತ್ತಿರ ಅಡಿಕೆ ದರ ಮಾತಾಡಿದರು, ಔಷಧಿ ಹೊಡೆಯಲು ಆಳು ಸಿಗದ್ದು ಮಾತಾಡಿದರು. ನಾನು ಒಳಗಿನ ಬಾಗಿಲ ಹಿಂದೆ. ಕವಳ ಉಗಿದು ಬಂದು, ಹೊರಡುವ ಹೊತ್ತಿಗೆ, "ಕೂಸು ಸೋಮವಾರದಿಂದ ಬರ್ಲಿ. ನಮ್ಮನೆ ಕೂಸೂ ಅದೇ ದಾರೀಲಿ ಹೋಗ್ತು. ಫೀ ಬಗ್ಗೆ ತಲೆಬಿಸಿ ಬ್ಯಾಡ, ಅಡಿಕೆ ಕೊಟ್ಟ ಮೇಲೆ ಕೊಟ್ರಾತು" ಅಂದರು. ಅಜ್ಜ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಸೋಮವಾರ ನಾನು ಹೋದೆ. ಆ ವರ್ಷ ಅಧ್ಯಕ್ಷರು ಹೀಗೆ ಎಷ್ಟು ಜಗಲಿ ಹತ್ತಿದ್ದರೋ! ನಮ್ಮ ತರಗತಿಯಲ್ಲಿ ಹುಡುಗಿಯರ ಬೆಂಚು ತುಂಬಿತ್ತು.

ಹಾಗಂತ ಕಮಿಟಿಯಲ್ಲಿ ಎಲ್ಲ ಸರಾಗ ಇತ್ತು ಅಂತಲ್ಲ. ಜಗಳ ಆಗುತ್ತಿತ್ತು. ಶಾಲೆ ಊರ ಈಚೆಗೋ ಆಚೆಗೋ ಅಂತ ಶುರುವಾದ ಜಗಳ, ಮುಂದೆ ಇಂಗ್ಲಿಷ್ ಮಾಧ್ಯಮ ಬೇಕೋ ಬೇಡವೋ ಅನ್ನುವವರೆಗೆ ನಡೆಯಿತು. ಚುನಾವಣೆ ಬಂದಾಗ ಪಾರ್ಟಿ ಒಳಗೆ ನುಗ್ಗಲು ನೋಡುತ್ತಿತ್ತು. ಅದಕ್ಕಿಂತ ಜಾಸ್ತಿ ನನಗೆ ಬೇಸರದ ವಿಷಯ ಅಂದರೆ, ಬಹಳ ವರ್ಷ ಕಮಿಟಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಶಾಲೆಗೆ ಅರ್ಧದಷ್ಟು ಮಕ್ಕಳು ಹುಡುಗಿಯರು. ಅವರಿಗೆ ಏನು ಬೇಕು ಅಂತ ಹೇಳುವವರು ಸಭೆಯಲ್ಲಿ ಯಾರೂ ಇಲ್ಲ.

ಕಡೆಗೆ ಒಬ್ಬರು ಬಂದರು. ಕನ್ನಡ ಶಾಲೆಯಲ್ಲಿ ಅಕ್ಕೋರಾಗಿ ನಿವೃತ್ತರಾದವರು. ಅವರು ಬಂದ ಮೊದಲ ಸಭೆಯ ಅಜೆಂಡಾದಲ್ಲಿ ಕಂಪೌಂಡ್ ಗೋಡೆ ಇತ್ತು. ಅವರು ಎದ್ದು ನಿಂತು, ಗೋಡೆ ಆಮೇಲೆ, ಮೊದಲು ಹುಡುಗಿಯರಿಗೆ ಪಾಯಖಾನೆ ಆಗಲಿ ಅಂದರು. ಸಭೆಯಲ್ಲಿ ಆ ಶಬ್ದ ಆಡಿದ್ದೇ ಕೆಲವರಿಗೆ ಇರಿಸುಮುರಿಸು. ಅವರು ಕೂರಲಿಲ್ಲ. ತಿಂಗಳಿಗೆ ಮೂರ್ನಾಲ್ಕು ದಿನ ಯಾವ ಯಾವ ಹುಡುಗಿಯರು ಗೈರುಹಾಜರು ಅಂತ ಹಾಜರಿ ಪುಸ್ತಕ ತರಿಸಿ ಓದಿದರು. ಠರಾವು ಆಯಿತು. ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯಿತು, ನೀರಿನ ಟಾಕಿ ಸಮೇತ. ಗೋಡೆ ಎದ್ದದ್ದು ಅದರ ಮುಂದಿನ ವರ್ಷ. ನನ್ನ ತಂಗಿ ಆಗ ಒಂಬತ್ತನೆಯಲ್ಲಿದ್ದಳು. ಈಗಲೂ ಆ ಅಕ್ಕೋರ ಮಾತು ಬಂದರೆ ಅವಳ ಕಣ್ಣು ತುಂಬುತ್ತದೆ.

ಹೋದ ವರ್ಷ ನಾನು ಸಂಘದ ವಾರ್ಷಿಕ ಸರ್ವಸಾಧಾರಣ ಸಭೆಗೆ ಹೋಗಿದ್ದೆ. ಮುಂಚೆ ಕಾಲಿಡಲು ಜಾಗವಿಲ್ಲದ ಕೋಣೆಯಲ್ಲಿ ಕೋರಂ ಆಗಲು ಕಾಯಬೇಕಾಯಿತು. ಈಗ ಕಮಿಟಿಯಲ್ಲಿ ಇರುವವರಲ್ಲಿ ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ಅವರ ಮಕ್ಕಳು ಬೆಂಗಳೂರಲ್ಲಿ, ಹೊರದೇಶದಲ್ಲಿ. ಕೆಲಸ ಮಾತ್ರ ಕಡಿಮೆ ಆಗಿಲ್ಲ. ಪ್ರತಿ ವರ್ಷ ಆಡಿಟ್ ಮಾಡಿಸಿ, ಕಮಿಟಿಯವರ ಪಟ್ಟಿ ಸಮೇತ ನೋಂದಣಾಧಿಕಾರಿಗೆ ಕೊಡಬೇಕು. ಮಾನ್ಯತೆ ನವೀಕರಣಕ್ಕೆ ಶಿಕ್ಷಣ ಇಲಾಖೆಗೆ ಓಡಾಡಬೇಕು. ಮಾಸ್ತರರೊಬ್ಬರು ನಿವೃತ್ತರಾದರೆ ಆ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ಅದು ಬರುವವರೆಗೆ ಗೌರವಧನ ಕೊಟ್ಟು ಪಾಠ ನಡೆಸಬೇಕು. ನಮ್ಮ ಶಾಲೆಯಲ್ಲಿ ಈಗ ವಿಜ್ಞಾನ ಕಲಿಸುವ ಹುಡುಗಿ ಹಾಗೆ ಗೌರವಧನದ ಮೇಲೆ ಇರುವವಳು. ಬಹಳ ಚೆನ್ನಾಗಿ ಕಲಿಸುತ್ತಾಳಂತೆ. ಅವಳನ್ನು ಉಳಿಸಿಕೊಳ್ಳುವುದು ಹೇಗೆ ಅನ್ನುವುದೇ ಆ ಸಭೆಯ ಅರ್ಧ ಹೊತ್ತು ತಿಂದಿತು.

ನಾವು ಹಳೆಯ ವಿದ್ಯಾರ್ಥಿಗಳು ದುಡ್ಡು ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಹಂಚು ಬದಲಿಸುವ ವಿಷಯ ಬಂದಾಗ ಬೇಕಾದ ಮೊತ್ತ ಬೇಗ ಕೂಡಿತು. (ಕೊಡುವಾಗ ಬ್ಯಾಂಕಿನ ಮೂಲಕವೇ ಕೊಡಿ. ನಗದು ದೇಣಿಗೆ 2000 ರೂಪಾಯಿ ದಾಟಿದರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ.) ಆದರೆ ಆ ದುಡ್ಡನ್ನು ಖರ್ಚು ಮಾಡಲು ಮೂರು ಕಡೆ ದರ ಕೇಳಿ, ಕೆಲಸದ ಮೇಲೆ ನಿಂತು, ಬಿಲ್ಲು ಜೋಡಿಸಿ ಇಟ್ಟದ್ದು ಎಪ್ಪತ್ತನಾಲ್ಕರ ಕಾರ್ಯದರ್ಶಿಯವರು. ಮೊಣಕಾಲು ನೋವು ಇಟ್ಟುಕೊಂಡು. ನಾವು ದುಡ್ಡು ಕಳಿಸಿ ಕೈ ತೊಳೆದುಕೊಂಡರೆ ಅದು ಸಾಲದು ಅಂತ ನನಗೆ ಅನ್ನಿಸುತ್ತದೆ. ಶಾಲೆಗೆ ಬಂದು ಕೂರುವ ಜನ ಬೇಕು. ನಿವೃತ್ತರಾಗಿ ಊರಿಗೆ ಮರಳಿದವರಿದ್ದಾರೆ. ಶಿರಸಿಯಲ್ಲೇ ಅಂಗಡಿ, ಆಫೀಸು ಇಟ್ಟುಕೊಂಡವರಿದ್ದಾರೆ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾ ಊರಲ್ಲೇ ಉಳಿದ ಹುಡುಗ ಹುಡುಗಿಯರೂ ಇದ್ದಾರೆ. ಹೆಂಗಸರು ಇನ್ನೂ ಜಾಸ್ತಿ ಬರಬೇಕು.

ನಾನು ಈ ವರ್ಷ ಕೆಲಸದಿಂದ ನಿವೃತ್ತಳಾಗಿ ಊರಿಗೆ ಬರುತ್ತಿದ್ದೇನೆ. ಖಜಾಂಚಿ ಸ್ಥಾನ ಖಾಲಿ ಇದೆ, ಅದಕ್ಕೆ ನನ್ನ ಹೆಸರು ಕೊಟ್ಟಿದ್ದೇನೆ. ಗೆಳತಿಯ ಮನೆಯಿಂದ ಹಳೆಯ ರೋಜುಕೀರ್ದಿಗಳನ್ನೂ ಶಾಲೆಗೆ ತರಿಸಬೇಕು. ಇನ್ನೂ ಎರಡು ಸ್ಥಾನ ತುಂಬಬೇಕಿದೆ. ಸದಸ್ಯತ್ವದ ಅರ್ಜಿ ಶಾಲೆಯ ಆಫೀಸಿನಲ್ಲಿ ಸಿಗುತ್ತದೆ. ಸರ್ವಸಾಧಾರಣ ಸಭೆಗೆ ಮುಂಚೆ ತುಂಬಿ ಕೊಟ್ಟರೆ ಸಾಕು.