ಎಸ್ಟೀಮ್ ಟರ್ಬೊ: ನಾಲ್ಕನೇ ಪಿಸ್ಟನ್ನಿನ ಪೋಸ್ಟ್‌ಮಾರ್ಟಮ್

ಟರ್ಬೊ ಹಾಕಿದ ನನ್ನ ಮಾರುತಿ ಎಸ್ಟೀಮ್ ಕಾರಿನ ನಾಲ್ಕನೇ ಪಿಸ್ಟನ್ ಒಡೆದಿದ್ದು ಯಾಕೆ ಅಂತ ಕೊನೆಗೂ ಗೊತ್ತಾಯಿತು. ನಾಕಿಂಗ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ತಾನೇ ಸಿಡಿದು ಪಿಸ್ಟನ್ನಿಗೆ ಪೆಟ್ಟು ಕೊಡುವುದು) ಅಲ್ಲ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ "ನಾಕಿಂಗೇ, ಇನ್ನೇನು" ಅಂತ ಷರಾ ಬರೆದು ಕೈ ತೊಳೆದುಕೊಂಡಿದ್ದರು. ಅವರಿಗೆಲ್ಲ ಈ ಬರಹ ಅರ್ಪಣೆ.

ಗಾಡಿಯ ವಿವರ ಚುಟುಕಾಗಿ: 1.3 ಎಸ್ಟೀಮ್, ಹದಿನಾರು ವಾಲ್ವಿನ ಜಿ13ಬಿಬಿ, 1298 ಸಿಸಿ. ಒಳಗೆಲ್ಲ ಕಂಪನಿ ಮಾಲೇ. ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಯಾವುದನ್ನೂ ಮುಟ್ಟಿರಲಿಲ್ಲ. ಟರ್ಬೊ ಒಂದು ಸಣ್ಣ ಡೀಸೆಲ್ ಕಾರಿನದು, ಗುಜರಿಯಿಂದ ತಂದಿದ್ದು. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಸ್ಪೀಡುಯಿನೊ. ಬೂಸ್ಟ್ (ಟರ್ಬೊ ತುಂಬುವ ಹೆಚ್ಚುವರಿ ಗಾಳಿಯ ಒತ್ತಡ) 0.45 ಬಾರ್. ಮ್ಯಾನಿಫೋಲ್ಡ್ ವೆಲ್ಡಿಂಗ್, ಆಯಿಲ್ ರಿಟರ್ನ್ ಪೈಪು, ಇವೆಲ್ಲ ನಿಮಗೂ ಗೊತ್ತಿರುವ ಗೋಳು. ಬಿಡಿ.

ಆಷಾಢದಲ್ಲಿ ಗೆಳೆಯನ ಓಮ್ನಿ ಚಿತ್ರದುರ್ಗದಲ್ಲಿ ಕೆಟ್ಟು ನಿಂತಿತು. ಎಸ್ಟೀಮಿಗೆ ಕಟ್ಟಿ ದಾವಣಗೆರೆಗೆ ಎಳೆದು ತರೋಣ ಅಂತಾಯಿತು. ಹೋಗುವಾಗ ಏನೂ ತಕರಾರಿಲ್ಲ. ವಾಪಸ್ ಬರುವಾಗ ಪಡುವಣ ಗಾಳಿ ಎದುರಿಗೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನೆಟ್ಟಿಲ್ಲ ನೋಡಿ. ವೇಗ ಅರವತ್ತು ದಾಟಿಲ್ಲ, ಆದರೆ ಹಿಂದೆ ಬೀರುವಿನಂಥ ಓಮ್ನಿ. ಭರಮಸಾಗರದ ಆಚೆ ಈಚೆ ಸುಮಾರು ಇಪ್ಪತ್ತು ನಿಮಿಷ ಬೂಸ್ಟ್ 0.3ಕ್ಕಿಂತ ಕೆಳಗಿಳಿದಿಲ್ಲ ಅಂತ ಇಸಿಯುನ ಲಾಗ್ ಹೇಳುತ್ತದೆ. ಆನಗೋಡಿನ ಹತ್ತಿರ ಓಮ್ನಿಯಲ್ಲಿ ಕೂತವನು ಹಾರ್ನ್ ಹೊಡೆಯತೊಡಗಿದ. ನಿಲ್ಲಿಸಿ ನೋಡಿದರೆ ನೀಲಿ ಹೊಗೆ. ಬಾನೆಟ್ ಎತ್ತಿದರೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಒಳಗಿನ ಒತ್ತಡಕ್ಕೆ ತನ್ನ ಪಾಡಿಗೆ ತಾನು ಅರ್ಧ ಮೇಲೆದ್ದು ನಿಂತಿದೆ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವ ಒತ್ತಡ, ನೋಡಿದೆ. ಮೂರು ಸಿಲಿಂಡರ್ 170 ಪಿಎಸ್‌ಐ ಆಸುಪಾಸು, ನಾಲ್ಕನೆಯದು 90. ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ 140ಕ್ಕೆ ಏರಿತು. ಆ ಸಿಲಿಂಡರಿಗೆ ಗಾಳಿ ತುಂಬಿದರೆ ಆಯಿಲ್ ಮುಚ್ಚಳದ ಬಾಯಲ್ಲಿ ಬುಸ್ ಅನ್ನುತ್ತದೆ. ಅಂದರೆ ಗಾಳಿ ಸೋರುತ್ತಿರುವುದು ಪಿಸ್ಟನ್ ರಿಂಗಿನ ಕಡೆ; ಅಲ್ಲಿಗೆ ವಾಲ್ವ್, ಗ್ಯಾಸ್ಕೆಟ್ ಎರಡೂ ಪಾರು. ಹೆಡ್, ಸಂಪ್ ಬಿಚ್ಚಿ ಪಿಸ್ಟನ್ ಹೊರಗೆ ತೆಗೆದಾಗ ಒಂದನೇ ರಿಂಗಿಗೂ ಎರಡನೇ ರಿಂಗಿಗೂ ನಡುವಿನ ಏಣು ಹೆಬ್ಬೆರಳಿನ ಉಗುರಿನಷ್ಟು ಮುರಿದುಹೋಗಿತ್ತು.

ಇದನ್ನು ನೋಡಿದ ಕೂಡಲೇ ಯಾರಾದರೂ ನಾಕಿಂಗ್ ಅಂತಲೇ ಹೇಳುತ್ತಾರೆ. ನಾಕಿಂಗ್ ಆದರೂ ಮುರಿಯುವುದು ಇದೇ ಜಾಗ. ಆದರೆ ನಾಕಿಂಗ್ ಸುಮ್ಮನೆ ಬಂದು ಹೋಗುವುದಿಲ್ಲ, ಗುರುತು ಬಿಟ್ಟು ಹೋಗುತ್ತದೆ. ಪ್ಲಗ್ಗಿನ ಪಿಂಗಾಣಿ ಮೇಲೆ ಅಲ್ಯೂಮಿನಿಯಂ ಚುಕ್ಕೆಗಳು ಇರಬೇಕಿತ್ತು. ಭೂತಗನ್ನಡಿ ಹಿಡಿದರೂ ಒಂದಿಲ್ಲ. ಪಿಸ್ಟನ್ ತಲೆಯ ಅಂಚು ಮರಳಲ್ಲಿ ಉಜ್ಜಿದಂತೆ ತರಿತರಿ ಆಗಿರಬೇಕಿತ್ತು. ನುಣ್ಣಗಿದೆ. ರಾಡಿನ ಮೇಲಿನ ಬೇರಿಂಗ್ ಶೆಲ್ಲಿನಲ್ಲಿ ಪೆಟ್ಟು ತಿಂದ ಗುರುತಿಲ್ಲ. ಬೂಸ್ಟಿನಲ್ಲಿ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಹದ; 1ಕ್ಕಿಂತ ಕಮ್ಮಿ ಅಂದರೆ ಪೆಟ್ರೋಲ್ ಜಾಸ್ತಿ) 0.82, ಕಿಡಿ ಹೊತ್ತಿಸುವ ಟೈಮಿಂಗ್ ಕೂಡ ಸಾಕಷ್ಟು ಹಿಂದಿದೆ. (ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲ್ ಬಂದ ಮೇಲೂ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಅಂತ ಜಪ ಮಾಡುವವರಿದ್ದಾರೆ. ಇ20ಗೆ ಅದು 13.5ರ ಹತ್ತಿರ. ಮೀಟರನ್ನು ಲ್ಯಾಂಬ್ಡಾಗೆ ಹಾಕಿ ನೆಮ್ಮದಿಯಾಗಿರಿ.)

ಪಿಸ್ಟನ್ ರಿಂಗ್ ಪೂರ್ತಿ ಬಳೆಯಲ್ಲ, ಒಂದು ಕಡೆ ಸೀಳಿರುತ್ತದೆ. ಆಮೇಲೆ ಮೊದಲ ರಿಂಗಿನ ಆ ಎರಡೂ ತುದಿಗಳಿಗೆ ಟಾರ್ಚ್ ಬಿಟ್ಟೆ. ಮಿಕ್ಕ ಮೂರು ಪಿಸ್ಟನ್‌ಗಳ ಮೊದಲ ರಿಂಗುಗಳ ತುದಿ ಮಂಕು ಬೂದು. ಇದರದ್ದು ಮಾತ್ರ ಪಳಪಳ ಹೊಳೆಯುತ್ತಿದೆ. ಎರಡೂ ತುದಿ ಒಂದಕ್ಕೊಂದು ಒತ್ತಿಕೊಂಡು ತಿಕ್ಕಾಡಿವೆ! ಪುಣ್ಯಕ್ಕೆ ರಿಂಗ್ ತುಂಡಾಗಿರಲಿಲ್ಲ. ಬೋರಿಗೆ, ಅಂದರೆ ಸಿಲಿಂಡರಿನ ಕೊಳವೆಗೆ, ಇಳಿಸಿ ಫೀಲರ್ ಗೇಜ್ (ಸಂದು ಅಳೆಯುವ ತೆಳು ಬ್ಲೇಡು) ಹಾಕಿದರೆ ತುದಿಗಳ ನಡುವಿನ ಸಂದು 0.20 ಮಿ.ಮೀ. ಉಳಿದವು 0.28, 0.30.

ಲೆಕ್ಕ ಬಹಳ ಸರಳ. ಬೋರ್ 74 ಮಿ.ಮೀ. ಅಂದರೆ ರಿಂಗಿನ ಸುತ್ತಳತೆ 232 ಮಿ.ಮೀ. ಬೀಡು (ಎರಕದ ಕಬ್ಬಿಣ) ಮೀಟರಿಗೆ, ಡಿಗ್ರಿಗೆ ಸುಮಾರು 0.011 ಮಿ.ಮೀ. ಹಿಗ್ಗುತ್ತದೆ. ಬೋರಿನ ಗೋಡೆಗಿಂತ ರಿಂಗ್ 80 ಡಿಗ್ರಿ ಜಾಸ್ತಿ ಬಿಸಿಯಾಯಿತೋ, 0.20 ಸಂದು ಮುಚ್ಚಿತು ಅಂತಲೇ. ಆಮೇಲೆ ಹಿಗ್ಗಲು ಜಾಗವಿಲ್ಲ. ರಿಂಗ್ ಬೋರಿಗೆ ಕಚ್ಚಿಕೊಳ್ಳುತ್ತದೆ, ಪಿಸ್ಟನ್ ಕೆಳಗೆ ಎಳೆಯುತ್ತದೆ, ನಡುವಿನ ಏಣು ಮುರಿಯುತ್ತದೆ. ಟರ್ಬೊ ಇಲ್ಲದ ಎಂಜಿನ್ನಿಗೆ ಆ 0.20 ಸಾಕಾಗುತ್ತದೆ. ಕಂಪನಿಯವರ ಲೆಕ್ಕ ಅವರ ಬಿಸಿಗೆ ಸರಿಯಾಗೇ ಇದೆ. ನಾಲ್ಕನೇ ಸಿಲಿಂಡರೇ ಯಾಕೆ ಅಂದರೆ, ಸಂದು ಕಮ್ಮಿ ಇದ್ದಿದ್ದೂ ಅಲ್ಲೇ, ವಾಟರ್ ಪಂಪಿನಿಂದ ದೂರ ಇರುವುದೂ ಅದೇ.

"ಕಂಪನಿ ಪಿಸ್ಟನ್ ಎಷ್ಟು ಬೂಸ್ಟ್ ತಡೆಯುತ್ತೆ?" ಅಂತ ದಿನಾ ಯಾರಾದರೂ ಕೇಳುತ್ತಾರೆ. ಎಷ್ಟು ಹೊತ್ತು ಅಂತ ಒಬ್ಬರೂ ಕೇಳಲ್ಲ. ಐದು ಸೆಕೆಂಡಿನ ವಿಡಿಯೊದಲ್ಲಿ 1 ಬಾರ್ ಕೂಡ ಚಂದವೇ. ರಾಡಿನ ಕಥೆ ಬೇರೆ. ಅಲ್ಲಿ ಬಿಸಿಗಿಂತ ಕೆಳಗಿನ ಆರ್‌ಪಿಎಂನ ಟಾರ್ಕ್ ಅಪಾಯ. ನನ್ನಂಥ ಸಣ್ಣ ಟರ್ಬೊ ಬೇಗ ತುಂಬಿಕೊಳ್ಳುತ್ತದಲ್ವಾ, 2500ರಲ್ಲೇ ಪೂರ್ತಿ ಬೂಸ್ಟ್ ಕೊಟ್ಟರೆ ರಾಡ್ ಬಾಗುವ ಸಾಧ್ಯತೆ ಜಾಸ್ತಿ. ಇನ್ನೊಬ್ಬರು ಎರಡು ಹೆಡ್ ಗ್ಯಾಸ್ಕೆಟ್ ಹಾಕಿ ಕಂಪ್ರೆಷನ್ ಇಳಿಸಿ ಅಂದರು. ಬೇಡವೇ ಬೇಡ. ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಕಿರಿದಾದ ಜಾಗ ಅಗಲವಾದರೆ ಗಾಳಿ-ಪೆಟ್ರೋಲ್ ಸರಿಯಾಗಿ ಕಲಕುವುದಿಲ್ಲ. ಇಲ್ಲದ ನಾಕಿಂಗನ್ನು ಕರೆದು ಮಣೆ ಹಾಕಿದಂತೆ.

ಇನ್ನು ಸಾಮಾನಿನ ಗೋಳು. ಬೆಂಗಳೂರಿನ ಅಂಗಡಿಯೊಂದಕ್ಕೆ ಸ್ಟ್ಯಾಂಡರ್ಡ್ ಸೈಜ್ ರಿಂಗ್ ಅಂತ ಫೋನಿನಲ್ಲಿ ಹೇಳಿ, ಬರೆದೂ ಕಳಿಸಿದ್ದೆ. ಬಂದಿದ್ದು 0.50 ಓವರ್‌ಸೈಜ್, ಅಂದರೆ ಕೊರೆದು ಅಗಲ ಮಾಡಿದ ಬೋರಿಗೆ ಹಾಕುವಂಥದ್ದು. ಕೇಳಿದರೆ "ಬೋರ್ ಮಾಡಿಸ್ಬಿಡಿ ಸರ್, ಹೊಸಾ ಗಾಡಿ ಆಗುತ್ತೆ" ಅಂತಾನೆ. ಬೋರಿನ ಗೆರೆಗಳಿಗೆ ಉಗುರು ಕೂಡ ಸಿಕ್ಕುತ್ತಿಲ್ಲ, ಹೋನಿಂಗ್ (ಸಾಣೆಕಲ್ಲಿನಲ್ಲಿ ಮೆಲ್ಲಗೆ ಉಜ್ಜುವುದು) ಸಾಕು ಮಾರಾಯ! ಕೊನೆಗೆ ಸರಿಯಾದ ಸೆಟ್ ಹುಬ್ಬಳ್ಳಿಯಿಂದ ಬಂತು. ಪಿಸ್ಟನ್ ಒಂದೇ ಬದಲಿಸಿದ್ದರಿಂದ ತೂಕ ಸರಿ ಹೊಂದಬೇಕಿತ್ತು. ಪರಿಚಯದ ಅಕ್ಕಸಾಲಿಯ ತಕ್ಕಡಿ ಮೇಲೆ ಇಟ್ಟೆ. "ಎಷ್ಟು ಕ್ಯಾರೆಟ್ರೀ ಇದು?" ಅಂದರು. ಹೊಸದು ಒಂದೂವರೆ ಗ್ರಾಂ ಜಾಸ್ತಿ ಇತ್ತು, ಪಿನ್ನಿನ ಕೆಳಗೆ ಸ್ವಲ್ಪ ಕೆರೆದೆ.

ರಿಂಗ್ ಸಂದಿಗೆ ಬೋರನ್ನು 0.005ರಿಂದ ಗುಣಿಸಿ ಅನ್ನುವ ಅಂದಾಜು ಹಿಡಿದೆ. 0.37 ಬರುತ್ತದೆ. ಒಂದೇ ತುದಿಯನ್ನು ಹೊರಗಿನಿಂದ ಒಳಕ್ಕೆ ಉಜ್ಜುವುದು, ಪಿಸ್ಟನ್ನಿನಿಂದ ಬೋರಿನೊಳಗೆ ನೇರ ತಳ್ಳುವುದು, ಅಳೆಯುವುದು, ಮತ್ತೆ ಉಜ್ಜುವುದು. 0.35ರ ಬ್ಲೇಡ್ ಸಲೀಸಾಗಿ ಹೋಗಬೇಕು, 0.40 ಹೋಗಬಾರದು. ಹೋನಿಂಗ್ ಮೇಸ್ತ್ರಿ ನಿಂತು ನೋಡಿ, "ಏನ್ರೀ, ಹೊಸ ರಿಂಗ್ ತಂದು ಸವೆಸ್ತಾ ಕುಂತೀರಿ?" ಅಂದರು. ಅವರ ಆಯುಷ್ಯವೆಲ್ಲ ಸಂದು ಕಮ್ಮಿ ಮಾಡುವುದರಲ್ಲೇ ಕಳೆದಿದೆ. ಉಜ್ಜಿದ ಮೇಲೂ ಇದನ್ನು ಕಂಪನಿ ಮಾಲು ಅನ್ನಬಹುದೋ ಇಲ್ಲವೋ ಅಂತ ಗುಂಪಿನಲ್ಲಿ ಜಗಳ ನಡೆದಿದೆ. ನಡೆಯಲಿ.

ಈ ನಡುವೆ ತಲೆಯಲ್ಲಿ ಇನ್ನೊಂದು ಹುಳ. ಚನ್ನಗಿರಿಯ ಮಾವನ ತೋಟದಲ್ಲಿ ಅಡಿಕೆ ಸಿಪ್ಪೆ ರಾಶಿ ಬಿದ್ದಿದೆ. ಅದನ್ನು ಅರೆಬರೆ ಸುಟ್ಟು ಬರುವ ಗ್ಯಾಸಿನಲ್ಲಿ ಜನರೇಟರ್ ಓಡಿಸಬೇಕು. ಆ ಗ್ಯಾಸಿಗೆ ಕಸುವು ಕಮ್ಮಿ, ಎಂಜಿನ್ ಶಕ್ತಿ ಇಳಿಯುತ್ತದೆ. ಹಾಗಾದರೆ ಅದಕ್ಕೂ ಟರ್ಬೊ... ಮಾವನಿಗೆ ಇನ್ನೂ ಹೇಳಿಲ್ಲ. ಆ ಗ್ಯಾಸಿನ ಜೊತೆ ಬರುವ ಅಂಟು ಟಾರ್ ಸೋಸುವ ದಾರಿ ಮೊದಲು ಹುಡುಕಬೇಕು.

ಎಸ್ಟೀಮ್ ಈಗ ಓಡುತ್ತಿದೆ. ಬ್ರೀದರ್ (ಎಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪು) ಒಣಗಿದೆ, ನಾಲ್ಕೂ ಸಿಲಿಂಡರ್ 165 ದಾಟಿವೆ. 3000 ಆರ್‌ಪಿಎಂವರೆಗೆ ಬೂಸ್ಟ್ 0.25ಕ್ಕೆ ಕಟ್ಟಿ ಹಾಕಿದ್ದೇನೆ. ಮೇಲೆ 0.40. ಮುಂದೆ ಎಕ್ಸಾಸ್ಟ್ ಬಿಸಿ ಅಳೆಯುವ ಪ್ರೋಬ್ ಹಾಕಿ ಮತ್ತೊಂದು ದೀರ್ಘ ಲೋಡ್ ಟೆಸ್ಟ್. ಓಮ್ನಿಯವನು ಈ ಸಲ ತಾನು ಬಸ್ಸಿನಲ್ಲಿ ಬರುತ್ತೇನೆ ಅಂದಿದ್ದಾನೆ. 0.50 ಓವರ್‌ಸೈಜ್ ರಿಂಗ್ ಸೆಟ್ ಯಾರಿಗಾದರೂ ಬೇಕಿದ್ದರೆ ಹೇಳಿ, ಪ್ಯಾಕಿಂಗ್ ಕೂಡ ಒಡೆದಿಲ್ಲ.